ಗೇರು ಎಷ್ಟು ಎಂದು ಕೇಳಬೇಡಿ, ಟ್ಯೂಬು ಸಿಗುತ್ತದೆಯೇ ಎಂದು ಕೇಳಿ!

ಎಸ್ಸೆಸ್ಸೆಲ್ಸಿ ರಿಸಲ್ಟು ಬಂತೆಂದರೆ ವಿಜಯಪುರದ ಸೈಕಲ್ ಅಂಗಡಿಗಳಿಗೆ ಸುಗ್ಗಿ. ಪಾಸಾದರೆ ಸೈಕಲ್ಲು ಕೊಡಿಸುತ್ತೇನೆಂದು ಮಾತು ಕೊಟ್ಟು ಸಿಕ್ಕಿಬಿದ್ದ ಅಪ್ಪ, ಜೇಬಿನಲ್ಲಿ ಹದಿನೈದು ಸಾವಿರ ಇಟ್ಟುಕೊಂಡು ಬರುತ್ತಾನೆ. ಮಗ ಕೇಳಿದ್ದು ಬಾಗಿದ ಹ್ಯಾಂಡಲ್ಲಿನ ರೇಸ್ ಸೈಕಲ್ಲು. ಅಂಗಡಿಯಿಂದ ಹೊರಬರುವುದೇ ಬೇರೆ. ಮೋಟರ್ ಸೈಕಲ್ಲಿಗೆ ಹಾಕಬಹುದು ಅನ್ನುವಷ್ಟು ದಪ್ಪ ಟೈರು, ಮುಂದೊಂದು ಹಿಂದೊಂದು ಸ್ಪ್ರಿಂಗು, ಮೈತುಂಬ ಸ್ಟಿಕ್ಕರು. "ಇಪ್ಪತ್ತೊಂದು ಗೇರ್ ಅದಾವ ನೋಡ್ರಿ ಕಾಕಾ" ಎಂದು ಅಂಗಡಿಯವ ಅಂದನೆಂದರೆ ವ್ಯಾಪಾರ ಕುದುರಿತು.

ಆರು ತಿಂಗಳು ಬಿಟ್ಟು ಆ ಮನೆಗೆ ಹೋಗಿ ನೋಡಿ. ಗೇರಿನ ವೈರು ಜೋತುಬಿದ್ದಿದೆ. ಹಿಂದಿನ ಚಕ್ರ ಬೆಂಡಾಗಿದೆ. ಹಿತ್ತಲಲ್ಲಿ ಅದರ ಮೇಲೆ ಕೌದಿ ಒಣಗುತ್ತಿದೆ. "ಹುಡುಗಗ ಹುಚ್ಚ ಇಳೀತು ಬಿಡ್ರಿ" ಎಂಬುದು ಅಪ್ಪನ ಷರಾ. ಇಳಿದದ್ದು ಹುಚ್ಚಲ್ಲ ಸ್ವಾಮಿ, ಹದಿನೆಂಟು ಕಿಲೋ ಭಾರವನ್ನು ಎದುರುಗಾಳಿಯಲ್ಲಿ ತುಳಿದು ಮೊಣಕಾಲು ಸೋತದ್ದು!

ಬೇರೆ ಊರಿನಲ್ಲಾದರೆ ಇದನ್ನು ನಕ್ಕು ಬಿಡಬಹುದಿತ್ತು. ಇಲ್ಲಿ ಹಾಗಲ್ಲ. ರಾಜ್ಯದ ಸೈಕ್ಲಿಂಗ್ ತಂಡದ ಪಟ್ಟಿ ತೆಗೆದರೆ ವಿಜಯಪುರ, ಬಾಗಲಕೋಟೆ ಕಡೆಯ ಹೆಸರು ಇಲ್ಲದ ವರ್ಷ ಹುಡುಕುವುದು ಕಷ್ಟ. ಕ್ರೀಡಾ ಇಲಾಖೆಯ ಸೈಕ್ಲಿಂಗ್ ನಿಲಯ ಇರುವ ಊರಿದು. ಆ ಹೆಸರುಗಳ ಹಿಂದೆ ಇರುವವರು ಬಹುಪಾಲು ಹೊಲದ ಮನೆಯವರು, ಕೂಲಿಯವರು, ಸಣ್ಣ ಅಂಗಡಿಯವರು. ಸರ್ಕಾರ 2006-07ರಲ್ಲಿ ಎಂಟನೇ ಇಯತ್ತೆಯ ಮಕ್ಕಳಿಗೆ ಸೈಕಲ್ಲು ಹಂಚಲು ಶುರು ಮಾಡಿದಾಗ, ಹಳ್ಳಿಯ ಎಷ್ಟೋ ಮಕ್ಕಳ ಕಾಲಿಗೆ ಮೊದಲ ಬಾರಿಗೆ ಸ್ವಂತ ಪೆಡಲು ಸಿಕ್ಕಿತು. ಅಲ್ಲಿಂದ ಮುಂದಿನ ಮೆಟ್ಟಿಲೇ ಈ ರೇಸ್ ಸೈಕಲ್ಲು. ಆ ಮೆಟ್ಟಿಲಲ್ಲಿ ಕಾಲು ಜಾರಿದರೆ ಮನೆಯವರು ಎರಡನೇ ಸಲ ದುಡ್ಡು ಬಿಚ್ಚುವುದಿಲ್ಲ. ಬಿಚ್ಚಲು ಇರುವುದೂ ಇಲ್ಲ. ಒಂದು ತಪ್ಪು ಖರೀದಿಗೆ ಒಬ್ಬ ಓಟಗಾರನೇ ಕಳೆದುಹೋಗುತ್ತಾನೆ.

ಹಾಗಾದರೆ ರೇಸ್ ಸೈಕಲ್ಲು ಅಂದರೆ ಏನು? ಮೂರು ಮಾತಿನಲ್ಲಿ ಹೇಳುವುದಾದರೆ ಹಗುರ ಮೈ, ಸಣ್ಣ ಟೈರು, ಬಾಗಿದ ಹ್ಯಾಂಡಲ್ಲು. ಜಗತ್ತಿನ ದೊಡ್ಡ ಪಂದ್ಯಗಳಲ್ಲಿ ಸೈಕಲ್ಲು 6.8 ಕಿಲೋಗಿಂತ ಹಗುರ ಇರಬಾರದು ಎಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಕಾನೂನೇ ಇದೆ. ಅಂಥಾ ಗಾಡಿಗೆ ಲಕ್ಷಗಟ್ಟಲೆ ಬೇಕು. ಬಡವನ ಮೊದಲ ಸೈಕಲ್ಲು ಹತ್ತು-ಹನ್ನೊಂದು ಕಿಲೋ ಇದ್ದರೆ ಧಾರಾಳವಾಯಿತು. ಅಪ್ಪನ ಹಳೆಯ ಅಟ್ಲಾಸು ಹೆಚ್ಚುಕಡಿಮೆ ಅದರ ಎರಡರಷ್ಟು ತೂಗುತ್ತಿತ್ತು. (ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಬಾಗಿಲು ಹಾಕಿತು. ಅದು ವಿಶ್ವ ಸೈಕಲ್ ದಿನ. ವಿಧಿಗೂ ವಿನೋದ ಬೇಕಾಗುತ್ತದೆ.)

ಬಾಗಿದ ಹ್ಯಾಂಡಲ್ಲು ಶೋಕಿಗಲ್ಲ. ವಿಜಯಪುರದ ಸುತ್ತ ಗುಡ್ಡವಿಲ್ಲ, ಘಾಟಿಲ್ಲ. ಈ ಸೀಮೆಯ ಗುಡ್ಡ ಎಂದರೆ ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ನೈರುತ್ಯದಿಂದ ಬೀಸುವ ಗಾಳಿಗೆ ಎದುರಾಗಿ ಸೆಟೆದು ಕೂತು ತುಳಿದವನಿಗೇ ಗೊತ್ತು ಅದರ ಏರು ಎಷ್ಟೆಂದು. ಬಾಗಿ ಕೂತರೆ ಗಾಳಿಗೆ ಎದೆ ಕೊಡುವುದು ಕಡಿಮೆಯಾಗುತ್ತದೆ. ಹಾಗೆಂದ ಮೇಲೆ ಇಪ್ಪತ್ತೊಂದು ಗೇರು ಯಾತಕ್ಕೆ? ಮುಂದೆ ಎರಡು, ಹಿಂದೆ ಏಳೋ ಎಂಟೋ ಹಲ್ಲುಚಕ್ರ ಇದ್ದರೆ ಈ ಬಯಲಿಗೆ ಸಾಕೋ ಸಾಕು. ಸ್ಪ್ರಿಂಗಂತೂ ಬೇಡವೇ ಬೇಡ. ಪೆಡಲು ತುಳಿದ ಶಕ್ತಿಯಲ್ಲಿ ಒಂದು ಪಾಲನ್ನು ಅದೇ ನುಂಗುತ್ತದೆ, ಮೇಲೆ ತನ್ನ ಭಾರವನ್ನೂ ಹೊರಿಸುತ್ತದೆ.

ಈಗ ದುಡ್ಡಿನ ಮಾತು. ಹದಿನೈದು ಸಾವಿರಕ್ಕೆ ಹೊಸ ರೇಸ್ ಸೈಕಲ್ಲು ಬರುವುದಿಲ್ಲ. ಬರುವುದು ಬಾಗಿದ ಹ್ಯಾಂಡಲ್ಲು ಸಿಕ್ಕಿಸಿದ ಕಬ್ಬಿಣ. ನಂಬುವಂಥ ಅಲ್ಯುಮಿನಿಯಂ ಚೌಕಟ್ಟಿನ ಹೊಸ ಸೈಕಲ್ಲು ಬೇಕೆಂದರೆ ಮೂವತ್ತು ಸಾವಿರದ ಆಚೆಗೇ ಲೆಕ್ಕ ಹಾಕಬೇಕು. ಒಂದು ಸಮಾಧಾನ ಏನೆಂದರೆ, 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಮೂಲಬೆಲೆ 30,000 ರೂಪಾಯಿ ಇದ್ದರೆ ಮೊದಲು 33,600 ಕೊಡಬೇಕಿತ್ತು, ಈಗ 31,500. ಎರಡು ಸಾವಿರದ ನೂರು ರೂಪಾಯಿ ಉಳಿತಾಯ. ಅಂಗಡಿಯವ "ಇದು ಹಳೇ ಸ್ಟಾಕ್ರೀ" ಅಂದರೆ ಸುಮ್ಮನೆ ತಲೆಯಾಡಿಸಬೇಡಿ, ಬಿಲ್ಲು ಹಾಕಿಸಿ ತೆರಿಗೆಯ ಸಾಲು ಓದಿ. ಸ್ಟಾಕು ಯಾವಾಗಿನದಾದರೂ ತೆರಿಗೆ ಬೀಳುವುದು ಮಾರುವ ದಿನದ ದರದಲ್ಲಿ.

ಮೂವತ್ತು ಇಲ್ಲದವರು ಏನು ಮಾಡಬೇಕು? ಹಳೆಯದು ಕೊಳ್ಳಬೇಕು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. 2020-21ರ ಕರೋನಾ ಕಾಲದಲ್ಲಿ ಬೆಂಗಳೂರು, ಪುಣೆಯ ಸಂಬಳದ ಮಂದಿ ಹುಮ್ಮಸ್ಸಿನಿಂದ ಸೈಕಲ್ಲು ಕೊಂಡರು. ಜಿಮ್ಮು ತೆರೆದವು, ಆಫೀಸು ತೆರೆದವು, ಹುಮ್ಮಸ್ಸು ಮುಚ್ಚಿತು. ನಾಲ್ಕು ನೂರು ಕಿಲೋಮೀಟರೂ ಓಡದ ಗಾಡಿಗಳು ಬಾಲ್ಕನಿಗಳಲ್ಲಿ ನಿಂತಿವೆ. ಹೆಂಡತಿಯ ಬೈಗಳು ತಾಳಲಾರದೆ ಅರ್ಧ ಬೆಲೆಗೆ ಕೊಡುವವರಿದ್ದಾರೆ. ಊರಿನ ಯಾರದೋ ಮಗ ಅಲ್ಲಿ ಕೆಲಸಕ್ಕಿದ್ದರೆ ಹೋಗಿ ನೋಡಿ ಬರಲು ಹೇಳಿ. ಫೋಟೋ ನೋಡಿ ದುಡ್ಡು ಕಳಿಸುವವನು ಆಮೇಲೆ ಯಾರನ್ನೂ ಬಯ್ಯಬಾರದು.

ಹಳೆಯದನ್ನು ನೋಡುವುದು ಎತ್ತು ನೋಡಿದ ಹಾಗೆ. ಹಲ್ಲು ಎಣಿಸಬೇಕು, ಗೊರಸು ತಟ್ಟಬೇಕು. ಮೊದಲು ಹ್ಯಾಂಡಲ್ಲಿನ ಕೆಳಗೆ ಪೈಪುಗಳು ಕೂಡುವ ಜಾಗ, ಆಮೇಲೆ ಪೆಡಲಿನ ಮೇಲಿನ ಜಾಗ, ಬೆರಳಾಡಿಸಿ ನೋಡಿ. ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಎದ್ದು ಬನ್ನಿ. ಕಬ್ಬಿಣದ ಚೌಕಟ್ಟಾದರೆ ಬೆಸುಗೆ ಹಾಕಿಸಿ ಹೇಗೋ ದಿನ ದೂಡಬಹುದು. ಅಲ್ಯುಮಿನಿಯಂಗೆ ಓಣಿಯ ವೆಲ್ಡಿಂಗ್ ಅಂಗಡಿಯಲ್ಲಿ ಮದ್ದಿಲ್ಲ. ಕಾರ್ಬನ್ನಿನದು ಅಗ್ಗಕ್ಕೆ ಸಿಕ್ಕಿತು ಅಂದರೆ ಇನ್ನೂ ಹುಷಾರಾಗಿರಿ. ಒಳಗೆ ಒಡೆದದ್ದು ಹೊರಗೆ ಕಾಣುವುದಿಲ್ಲ, ಮುರಿಯುವಾಗ ಹೇಳಿ ಮುರಿಯುವುದೂ ಇಲ್ಲ.

ಚೈನಿಗೆ ಒಂದು ಸುಲಭ ಪರೀಕ್ಷೆ ಇದೆ. ಕಾರ್ಪೆಂಟರನ ಹತ್ತಿರ ಇರುವಂಥ ಉಕ್ಕಿನ ಸ್ಕೇಲು ಹಿಡಿಯಿರಿ. ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಟ್ಟರೆ ಹೊಸ ಚೈನಿನಲ್ಲಿ ಹನ್ನೆರಡು ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ನಡು ಬರುತ್ತದೆ. ಆ ಪಿನ್ನು ಇಂಚಿನ ಹದಿನಾರನೇ ಒಂದು ಪಾಲು ಆಚೆ ಸರಿದಿದ್ದರೆ ಚೈನು ಬದಲಿಸಬೇಕು. ಎಂಟನೇ ಒಂದು ಪಾಲು ಸರಿದಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿವೆ ಎಂದು ತಿಳಿದು ಅಷ್ಟು ದುಡ್ಡು ಕಡಿತ ಮಾಡಿ. ಈ ಸ್ಕೇಲು ಹಿರಿದ ಕೂಡಲೆ ಮಾರುವವನ ಮುಖದ ಬಣ್ಣ ನೋಡಬೇಕು!

ಬಿಲ್ಲು ಕೇಳಿ. ಪೆಡಲಿನ ಅಚ್ಚಿನ ಕೆಳಗೆ ಚೌಕಟ್ಟಿನ ನಂಬರು ಕೊರೆದಿರುತ್ತದೆ, ಬಿಲ್ಲಿನ ಜೊತೆ ತಾಳೆ ನೋಡಿ. ಊರಿಂದೂರಿಗೆ ಕಳವಿನ ಮಾಲು ಓಡಾಡುವ ಕಾಲ ಇದು. ತಿಳಿದೂ ಕೊಂಡವನಿಗೆ ಕಾನೂನು ಕರುಣೆ ತೋರುವುದಿಲ್ಲ.

ಟ್ಯೂಬಿನ ಪುರಾಣ

ಇಷ್ಟೆಲ್ಲ ಸರಿಹೋದರೂ ವಿಜಯಪುರದಂಥ ಊರಿನಲ್ಲಿ ನೂರಕ್ಕೆ ತೊಂಬತ್ತು ಮಂದಿ ಎಡವುವುದು ಗಾಡಿಯಲ್ಲಲ್ಲ, ಗಾಳಿಯಲ್ಲಿ. ಅಂದರೆ ಟ್ಯೂಬಿನಲ್ಲಿ.

ಹಳೆಯ ಇಪ್ಪತ್ತೆಂಟು ಇಂಚಿನ ಚಕ್ರವೇ ಬೇರೆ, ರೇಸ್ ಸೈಕಲ್ಲಿನ 700 ನಂಬರಿನ ಚಕ್ರವೇ ಬೇರೆ. ನೋಡಲು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಟೈರು ಕೂರುವ ಜಾಗದಲ್ಲಿ ಅಳೆದರೆ ಹಳೆಯದು 635 ಮಿಲಿಮೀಟರ್, ಇದು 622. ಹದಿಮೂರು ಮಿಲಿಮೀಟರಿನ ಫರಕು. ಒಂದರ ಟೈರು ಇನ್ನೊಂದಕ್ಕೆ ಜಪ್ಪಯ್ಯ ಅಂದರೂ ಕೂರುವುದಿಲ್ಲ. ಟ್ಯೂಬೂ ಸಣ್ಣದು. ಅದರ ಮೂತಿಯಂತೂ ತೆಳ್ಳಗೆ, ಉದ್ದಕ್ಕೆ, ತುದಿಯಲ್ಲೊಂದು ಪುಟ್ಟ ತಿರುಪು. ಪ್ರೆಸ್ಟಾ ವಾಲ್ವು ಎಂದು ಅದರ ಹೆಸರು. ಓಣಿಯ ಪಂಕ್ಚರ್ ಅಂಗಡಿಯವನ ಪಂಪು ಅದಕ್ಕೆ ಹಿಡಿಯುವುದಿಲ್ಲ. "ಇದೇನ್ ಪಾ, ಪೆನ್ನಿನ ರಿಫೀಲ್ ಇದ್ದಂಗ ಐತಿ" ಎಂದು ಅವನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ಒಂದು ಉಪಾಯ ಹೇಳುತ್ತಾನೆ: "ರಿಮ್ಮಿಗೆ ದೊಡ್ಡ ತೂತ್ ಹೊಡದು ನಮ್ಮ ಟ್ಯೂಬ್ ಹಾಕೂಣು." ದಯಮಾಡಿ ಬೇಡ! ಸಣ್ಣ ರಿಮ್ಮಿಗೆ ದೊಡ್ಡ ತೂತು ಕೊರೆದರೆ ರಿಮ್ಮಿನ ಆಯಸ್ಸು ಅಲ್ಲಿಗೇ ಸೋರಿತು.

ಈ ಜಿಲ್ಲೆಯ ರಸ್ತೆಬದಿಯಲ್ಲಿ ಏನು ಬೆಳೆದಿದೆ ಎಂಬುದು ಎಲ್ಲರಿಗೂ ಗೊತ್ತು. ಬಳ್ಳಾರಿ ಜಾಲಿ. ಅದರ ಮುಳ್ಳಿಗೆ ದೇಶಿ ಟೈರು, ವಿದೇಶಿ ಟೈರು ಎಂಬ ಭೇದವಿಲ್ಲ. ಬೆಳಿಗ್ಗೆ ಐದೂವರೆಗೆ ಸೋಲಾಪುರ ರಸ್ತೆಯಲ್ಲಿ ಹದಿನೈದು ಕಿಲೋಮೀಟರು ಹೋದ ಹುಡುಗ ಪಂಕ್ಚರಾಗಿ ನಿಂತರೆ ಸೈಕಲ್ಲು ಹೆಗಲ ಮೇಲೆ ಹೊತ್ತೇ ಬರಬೇಕು. ಎರಡು ಸಲ ಹೀಗಾದರೆ ಮೂರನೇ ದಿನ ಹಾಸಿಗೆಯಿಂದ ಏಳುವುದಿಲ್ಲ.

ಆದ್ದರಿಂದ ಅಂಗಡಿಗೆ ಹೋದವರು "ಎಷ್ಟು ಗೇರು?" ಎಂದು ಕೇಳಬಾರದು. "ಇದರ ಟ್ಯೂಬು ನಿಮ್ಮಲ್ಲಿ ಇದೆಯಾ? ತೆಗೆದು ತೋರಿಸಿ" ಎಂದು ಕೇಳಬೇಕು. ತರಿಸಿಕೊಡುತ್ತೇನೆ ಅಂದರೆ ಅದು ಇಲ್ಲ ಎಂದೇ ಅರ್ಥ. ಸೈಕಲ್ಲಿನ ಜೊತೆಗೇ ನಾಲ್ಕು ಟ್ಯೂಬು, ಎರಡು ಟೈರು ಎತ್ತುವ ಪ್ಲಾಸ್ಟಿಕ್ ಪಟ್ಟಿ, ಒಂದು ಕೈಪಂಪು ಕೊಂಡುಬಿಡಿ. ಪ್ರೆಸ್ಟಾ ಮೂತಿಗೆ ತಿರುಗಿಸಿ ಹಾಕುವ ಹಿತ್ತಾಳೆಯ ಪುಟ್ಟ ಟೋಪಿ ಸಿಗುತ್ತದೆ, ಕಡಲೆಕಾಳಿಗಿಂತ ತುಸು ದೊಡ್ಡದು. ಅದು ಜೇಬಿನಲ್ಲಿದ್ದರೆ ಮೋಟರ್ ಸೈಕಲ್ಲಿನ ಪಂಪಿನಿಂದಲೂ ಗಾಳಿ ಹೊಡೆಸಬಹುದು. ಹುಡುಗನಿಗೆ ಮನೆಯ ಅಂಗಳದಲ್ಲಿ ಹತ್ತು ಸಲ ಟ್ಯೂಬು ಬಿಚ್ಚಿ ಹಾಕಿಸಿ ರೂಢಿ ಮಾಡಿಸಿದ ಮೇಲೆಯೇ ಹೈವೇಗೆ ಬಿಡಿ. ಟೈರು 23 ಅಗಲದ್ದು ಬೇಡ, 28ರದ್ದು ಇರಲಿ. ಮುಳ್ಳಿಗೂ ತಗ್ಗಿಗೂ ಅದೇ ವಾಸಿ, ವೇಗದಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಹಳೆಯ ಗಾಡಿಯಾದರೆ 28 ಒಳಗೆ ಹಿಡಿಯುತ್ತದೋ ಇಲ್ಲವೋ ಮೊದಲೇ ನೋಡಿಕೊಳ್ಳಬೇಕು.

ಗೇರಿನ ವಿಷಯದಲ್ಲೂ ಇದೇ ನ್ಯಾಯ. ಜಪಾನಿನ ಶಿಮಾನೊ ಕಂಪನಿಯ ಗೇರುಗಳಲ್ಲಿ ಟೂರ್ನಿ, ಕ್ಲಾರಿಸ್, ಸೋರಾ, ಟಿಯಾಗ್ರ, 105 ಎಂದು ಮೆಟ್ಟಿಲು ಮೆಟ್ಟಿಲಾಗಿ ಬೆಲೆ ಏರುತ್ತದೆ. ಮೊದಲ ಸೈಕಲ್ಲಿಗೆ ಎಂಟು ಹಲ್ಲುಚಕ್ರದ ಕ್ಲಾರಿಸ್ ಸಿಕ್ಕರೆ ಕಣ್ಣಿಗೊತ್ತಿಕೊಂಡು ತನ್ನಿ. ಹನ್ನೆರಡರ ಚೈನಿಗಿಂತ ಎಂಟರ ಚೈನು ಅಗ್ಗ. ತುಸು ಅತ್ತಿತ್ತ ಆದರೂ ಸಹಿಸಿಕೊಂಡು ಓಡುತ್ತದೆ. ಇನ್ನೊಂದು ಗುಟ್ಟು: ಹಿಂದಿನ ಗೇರು ತೂಗಿಕೊಂಡಿರುವ ಹ್ಯಾಂಗರ್ ಎಂಬ ಸಣ್ಣ ತುಂಡು ಇರುತ್ತದೆ. ಸೈಕಲ್ಲು ಬಲಕ್ಕೆ ಬಿದ್ದರೆ ಚೌಕಟ್ಟು ಉಳಿಯಲಿ ಎಂದು ಅದು ತಾನು ಬಾಗುತ್ತದೆ, ಮುರಿಯುತ್ತದೆ. ಒಂದು ಕಂಪನಿಯದು ಇನ್ನೊಂದಕ್ಕೆ ಬರುವುದಿಲ್ಲ. ಅದಿಲ್ಲದೆ ನಲವತ್ತು ಸಾವಿರದ ಗಾಡಿಯೂ ಗೂಟಕ್ಕೆ ಕಟ್ಟಿದ ದನ. ಕೊಳ್ಳುವಾಗಲೇ ಒಂದು ಹೆಚ್ಚಿಗೆ ಇಸಿದುಕೊಳ್ಳಿ. ಬಸ್ಸಿನ ಡಿಕ್ಕಿಯಲ್ಲಿ ತರುವಾಗಲೂ ಗೇರಿನ ಮಗ್ಗುಲು ಮೇಲಕ್ಕೇ ಇರಬೇಕು.

ಬ್ರೇಕಿನ ಬಗ್ಗೆ ಹುಡುಗರ ಹಟ ದೊಡ್ಡದು. ಡಿಸ್ಕೇ ಬೇಕಂತೆ. ಮಳೆ ಕಡಿಮೆಯ ಬಯಲುಸೀಮೆಯಲ್ಲಿ, ಅಗ್ಗದ ಸೈಕಲ್ಲಿಗೆ ಹಾಕಿದ ಅಗ್ಗದ ಡಿಸ್ಕು ಭಾರವನ್ನೂ ರಿಪೇರಿಯನ್ನೂ ಹೆಚ್ಚು ಮಾಡುತ್ತದೆ. ರಿಮ್ಮನ್ನು ಹಿಡಿಯುವ ಬ್ರೇಕನ್ನು ಊರಿನ ಯಾವ ಮೇಸ್ತ್ರಿಯೂ ಐದು ನಿಮಿಷದಲ್ಲಿ ಸರಿಮಾಡುತ್ತಾನೆ.

ಯುನಿಫಾರ್ಮು ಹೊಲಿಸಿದ ಹಾಗಲ್ಲ

ತಂದೆತಾಯಿಗಳ ಕೈಯಲ್ಲಿ ಆಗುವ ದೊಡ್ಡ ಅನ್ಯಾಯ ಒಂದಿದೆ. "ಬೆಳಿಯೋ ಹುಡುಗ, ಸ್ವಲ್ಪ ದೊಡ್ಡದ ಇರ್ಲಿ ತಗೋರಿ!" ಶಾಲೆಯ ಅಂಗಿಯನ್ನು ಎರಡು ವರ್ಷಕ್ಕಾಗುವಂತೆ ಹೊಲಿಸಿದರೆ ತೋಳು ಮಡಚಿ ಹಾಕಬಹುದು. ಸೈಕಲ್ಲಿನ ತೋಳು ಮಡಚಲು ಬರುವುದಿಲ್ಲ. ದೊಡ್ಡ ಸೈಕಲ್ಲಿನ ಮೇಲೆ ಕೂತ ಹುಡುಗ ಪೆಡಲು ನಿಲುಕಿಸಲು ಸೊಂಟ ಅಲ್ಲಾಡಿಸುತ್ತಾನೆ. ಬ್ರೇಕು ಹಿಡಿಯಲು ಮುಂದಕ್ಕೆ ಜೋಲುತ್ತಾನೆ. ಮೂರು ತಿಂಗಳಲ್ಲಿ ಬೆನ್ನು ನೋವು, ಮೊಣಕಾಲು ನೋವು. ಆಮೇಲೆ ಎಲುಬಿನ ಡಾಕ್ಟರಿಗೆ ಕೊಡುವ ಫೀಜಿನ ಲೆಕ್ಕ ಯಾರೂ ಹಾಕಿರುವುದಿಲ್ಲ.

ಅಳತೆ ಮನೆಯಲ್ಲೇ ಆಗುತ್ತದೆ. ಹುಡುಗನನ್ನು ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ. ಒಂದು ರಟ್ಟಿನ ಪುಸ್ತಕವನ್ನು ಕಾಲಸಂದಿಗೆ ಬಿಗಿಯಾಗಿ ಒತ್ತಿ, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. 78 ಸೆಂಟಿಮೀಟರ್ ಬಂತು ಅನ್ನಿ. ಅದನ್ನು 0.66ರಿಂದ ಗುಣಿಸಿದರೆ ಹೆಚ್ಚುಕಡಿಮೆ ಐವತ್ತೊಂದೂವರೆ. ಅಂದರೆ 51 ಅಥವಾ 52ರ ಚೌಕಟ್ಟು ನೋಡಬೇಕು. ಎಸ್, ಎಂ ಎಂದು ಬರೆದದ್ದನ್ನು ನಂಬಿ ಕೂರಬೇಡಿ, ಕಂಪನಿಗೊಂದು ಎಂ. ಕೂರಿಸಿ ನೋಡುವುದೇ ಸರಿ: ಪೆಡಲು ಕೆಳಗಿದ್ದಾಗ ಹಿಮ್ಮಡಿ ಊರಿದರೆ ಕಾಲು ನೆಟ್ಟಗಾಗಬೇಕು, ಬ್ರೇಕಿನ ಮೇಲೆ ಕೈಯಿಟ್ಟಾಗ ಮೊಣಕೈ ತುಸು ಮಡಿಚಿರಬೇಕು. ಮಗ ಬೆಳೆದನೇ? ಹಳೆಯದನ್ನು ಕೊಂಡಿದ್ದರೆ ಹೆಚ್ಚುಕಡಿಮೆ ಅದೇ ಬೆಲೆಗೆ ಮಾರಿ ಇನ್ನೊಂದು ತರಬಹುದು.

ಮಗಳ ಮಾತು ಬಂದಾಗ ಮನೆಯ ದನಿಯೇ ಬದಲಾಗುತ್ತದೆ. ಅಣ್ಣ ತುಳಿದು ಬಿಟ್ಟದ್ದೇ ಆಕೆಗೆ. ಅಣ್ಣನ ಎತ್ತರ, ಅಣ್ಣನ ಸೀಟು, ಆಕೆಯ ಬೆರಳಿಗೆ ನಿಲುಕದ ಬ್ರೇಕು. ಈ ಭಾಗದ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದಾಗ ಬ್ಯಾನರು ಕಟ್ಟುವವರು, ಸ್ವಂತ ಮಗಳ ಅಳತೆಗೆ ಒಂದು ಸೀಟು ಕೊಡಿಸಲು ಏಕೆ ಹಿಂದೆಮುಂದೆ ನೋಡುತ್ತಾರೋ ತಿಳಿಯದು. ಬ್ರೇಕಿನ ಹಿಡಿಯನ್ನು ಸಣ್ಣ ಕೈಗೆ ಹತ್ತಿರ ಮಾಡುವ ತಿರುಪು ಎಷ್ಟೋ ಸೈಕಲ್ಲುಗಳಲ್ಲಿ ಇರುತ್ತದೆ. ಕೇಳಿದರೆ ತಿರುಗಿಸಿಕೊಡುತ್ತಾರೆ. ಕೇಳುವುದಿಲ್ಲ.

ಒಟ್ಟು ದುಡ್ಡನ್ನೆಲ್ಲ ಗಾಡಿಗೇ ಸುರಿಯುವುದು ಇನ್ನೊಂದು ಅವಿವೇಕ. ಕೈಯಲ್ಲಿ ಇಪ್ಪತ್ತೈದು ಸಾವಿರ ಇದ್ದರೆ ಹದಿನೆಂಟಕ್ಕಿಂತ ಹೆಚ್ಚು ಸೈಕಲ್ಲಿಗೆ ಹಾಕಬಾರದು. ಉಳಿದದ್ದರಲ್ಲಿ ಟ್ಯೂಬು, ಪಂಪು, ಬೇಕಾದರೆ ಹೊಸ ಚೈನು. ಅವಕ್ಕೂ ಮೊದಲು ಹೆಲ್ಮೆಟ್ಟು ಮತ್ತು ಹಿಂದಿನ ಕೆಂಪು ದೀಪ. ಚೌಕಾಶಿ ಮಾಡಬಾರದ ಸಾಮಾನು ಇವೆರಡೇ. ಕಬ್ಬಿನ ಹಂಗಾಮಿನಲ್ಲಿ ಬೆಳಗಿನ ಜಾವ ಈ ಜಿಲ್ಲೆಯ ರಸ್ತೆಗಿಳಿದವರಿಗೆ ಕಾರಣ ಹೇಳಬೇಕಿಲ್ಲ. ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರು, ಹಿಂದೆ ದೀಪವಿಲ್ಲ, ಮೇಲೆ ಕಿವಿ ಒಡೆಯುವ ಟೇಪು. ಅದರ ಪಕ್ಕ ಹತ್ತು ಕಿಲೋ ಸೈಕಲ್ಲಿನ ಹುಡುಗ. ಆ ಟ್ರಾಲಿಗಳಿಗೆ ಕೆಂಪು ಪಟ್ಟಿ ಅಂಟಿಸುವ ಕೆಲಸವನ್ನು ಪೊಲೀಸರು ರಸ್ತೆ ಸುರಕ್ಷತಾ ಸಪ್ತಾಹದ ಫೋಟೋಕ್ಕೆ ಮಾತ್ರ ಮೀಸಲಿಡದೆ, ಹಂಗಾಮು ಮುಗಿಯುವ ತನಕ ಫ್ಯಾಕ್ಟರಿ ಗೇಟಿನಲ್ಲೇ ಮಾಡಿಸಬಹುದಲ್ಲ?

ಕ್ರೀಡಾ ಇಲಾಖೆಯವರಿಗೂ ಒಂದು ಕೆಲಸ ಇದೆ, ಖರ್ಚಿಲ್ಲದ್ದು. ವರ್ಷಕ್ಕೆರಡು ಭಾನುವಾರ ಅಂಬೇಡ್ಕರ್ ಕ್ರೀಡಾಂಗಣದ ಮೂಲೆಯಲ್ಲಿ ಒಂದು ಟೇಬಲ್ಲು ಹಾಕಿ, ಒಬ್ಬ ಕೋಚು, ಒಂದು ಅಳತೆಪಟ್ಟಿ. ಸೈಕಲ್ಲು ಕೊಳ್ಳುವ ಮುಂಚೆ ಬಂದ ಮಕ್ಕಳ ಕಾಲಳತೆ ತೆಗೆದು, ಇಂಥಾ ಸೈಜು ತಗೋ ಎಂದು ಚೀಟಿ ಬರೆದುಕೊಡಲಿ. ನಿಲಯದಲ್ಲಿ ಓಡಿ ಹಳೆಯದಾದ ಸೈಕಲ್ಲುಗಳನ್ನು ಯಾವತ್ತಾದರೂ ವಿಲೇವಾರಿ ಮಾಡಬೇಕಲ್ಲವೇ? ಅಂಥವನ್ನು ಗುಜರಿ ತೂಕಕ್ಕೆ ಹಾಕುವ ಬದಲು ಅದೇ ಭಾನುವಾರ, ಅದೇ ಟೇಬಲ್ಲಿನ ಮುಂದೆ, ಹಳ್ಳಿಯಿಂದ ಬಂದ ಮಕ್ಕಳಿಗೇ ಮೊದಲು ಹರಾಜು ಕೂಗಲಿ. ನಿಯಮ ಅಡ್ಡ ಬರುತ್ತದೆ ಎಂದು ಹೇಳುವವರು, ಯಾವ ನಿಯಮ ಎಂಬುದನ್ನೂ ಹೇಳಬೇಕು.

ಇನ್ನು ಗಾಂಧಿ ಚೌಕದ ಆಸುಪಾಸಿನ ಸೈಕಲ್ ವ್ಯಾಪಾರಿಗಳು. ಅಂಗಡಿಗೆ ಹತ್ತರಂತೆ 700 ನಂಬರಿನ ಟ್ಯೂಬು, ಒಂದು ಪ್ರೆಸ್ಟಾ ಪಂಪು ಇಟ್ಟುಕೊಂಡರೆ ಅವರ ಬಂಡವಾಳವೇನೂ ಮುಳುಗುವುದಿಲ್ಲ. ಗಿರಾಕಿ ಇಲ್ಲ ಎಂಬುದು ಅವರ ಹಳೇ ಸಬೂಬು. ಗಿರಾಕಿಗಳು ಇದ್ದಾರೆ, ಬೆಳಿಗ್ಗೆ ಆರಕ್ಕೆ ಸೋಲಾಪುರ ರಸ್ತೆಯಲ್ಲಿ ನಿಂತರೆ ಕಾಣುತ್ತಾರೆ. ಅವರು ಟ್ಯೂಬಿಗಾಗಿ ಹುಬ್ಬಳ್ಳಿಗೆ ಫೋನು ಮಾಡುತ್ತಿದ್ದಾರೆ.